ಬಂಡೆಯ ಹೊಟ್ಟೆಯೊಳಗಿನ ಕಡಲು

ದೋಣಿಯ ಅಂಚಿನಲ್ಲಿ ಕಡಲಿಗೆ ಬೆನ್ನು ಹಾಕಿ ಕುಳಿತವರು ಒಂದು ಕೈಯಲ್ಲಿ ಮಾಸ್ಕನ್ನೂ ಬಾಯಲ್ಲಿ ಕಚ್ಚಿದ ರೆಗ್ಯುಲೇಟರನ್ನೂ ಒತ್ತಿ ಹಿಡಿದು ಹಿಮ್ಮುಖವಾಗಿ ಉರುಳುತ್ತಾರೆ. ಒಂದು ಕ್ಷಣ ಬರೀ ನೊರೆ. ನೊರೆ ಸರಿದ ಮೇಲೆ ಕಾಲ ಕೆಳಗೆ ನೀಲಿ, ಅದರ ಕೆಳಗೆ ಕಡುನೀಲಿ. ಕಿವಿಗೆ ಎಡೆಬಿಡದೆ ಚಟಪಟ ಸದ್ದು, ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿದ ಹಾಗೆ. ಬಂಡೆಯ ಸಂದುಗೊಂದಿಗಳಲ್ಲಿ ಕುಳಿತ ಪುಟ್ಟ ಸಿಗಡಿಗಳು ಇಕ್ಕಳದಂಥ ಕಾಲನ್ನು ಪಟ್ಟನೆ ಮುಚ್ಚುವ ಸದ್ದು ಅದು.

ಹಗ್ಗದ ಪಕ್ಕದಲ್ಲೇ ಒಬ್ಬರ ಹಿಂದೊಬ್ಬರು ಇಳಿಯುತ್ತಾರೆ. ಹತ್ತು ಮೀಟರ್ ದಾಟುವಷ್ಟರಲ್ಲಿ ಈಜುಡುಗೆಯ ಮೇಲಿದ್ದ ಕೆಂಪು ಪಟ್ಟಿ ಮಂಕಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಇಪ್ಪತ್ತನಾಲ್ಕು ಮೀಟರ್ ಆಳದಲ್ಲಿ ಬಂಡೆಗೋಡೆಯಲ್ಲಿ ಒಂದು ಕರಿಬಾಯಿ ಕಾಣುತ್ತದೆ. ಮುಂದಾಳು ಟಾರ್ಚ್ ಹಚ್ಚಿ ಎರಡು ಬೆರಳುಗಳಿಂದ ಒಳಗೆ ತೋರಿಸುತ್ತಾನೆ. ಬಾಗಿಲ ತುಂಬ ತಾಮ್ರದ ಬಣ್ಣದ ಮೀನುಗಳ ಪರದೆ. ಬೆಳಕು ತಾಗಿದ ಕೂಡಲೇ ಆ ಪರದೆ ನಡುವೆ ಸೀಳಿ ದಾರಿ ಬಿಡುತ್ತದೆ. ಕೊನೆಯವನು ಒಳಗೆ ಹೋದದ್ದೇ ತಡ, ಹಿಂದೆ ಮತ್ತೆ ಮುಚ್ಚಿಕೊಳ್ಳುತ್ತದೆ.

ಇಲ್ಲಿಂದ 125 ಮೀಟರ್ ದೂರ ತಲೆಯ ಮೇಲೆ ನೀರಿಲ್ಲ, ಕಲ್ಲಿದೆ.

ಹೊಗೆಯ ಭೂಶಿರದ ಎದುರು

ಇದು ಆಸ್ಟ್ರೇಲಿಯಾದ ಪೂರ್ವ ಕರಾವಳಿಯ ಫಿಶ್ ರಾಕ್. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ, ಸಿಡ್ನಿಗೂ ಬ್ರಿಸ್ಬೇನ್‌ಗೂ ಹೆಚ್ಚುಕಡಿಮೆ ನಟ್ಟನಡುವೆ, ಸೌತ್ ವೆಸ್ಟ್ ರಾಕ್ಸ್ ಎಂಬ ಸಣ್ಣ ಊರಿದೆ. ಮೆಕ್ಲೇ ನದಿ ಅಲ್ಲೇ ಕಡಲು ಸೇರುತ್ತದೆ. ಡೈವಿಂಗ್ ದೋಣಿಗಳು ಆ ನದಿಯ ಅಳಿವೆ ದಾಟಿಯೇ ಸಮುದ್ರಕ್ಕೆ ಬೀಳಬೇಕು. ಅಳಿವೆಯ ಅಲೆ ಎದ್ದ ದಿನ ಯಾತ್ರೆಯಿಲ್ಲ. ಗಂಗೊಳ್ಳಿ, ತದಡಿ ಕಡೆಯ ಮೀನುಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಊರಿನ ಪಕ್ಕದಲ್ಲಿ ಕಡಲಿಗೆ ಚಾಚಿಕೊಂಡ ಗುಡ್ಡದ ಹೆಸರು ಸ್ಮೋಕಿ ಕೇಪ್. 1770ರ ಮೇ ತಿಂಗಳಲ್ಲಿ ಹಡಗಿನಿಂದ ಇದನ್ನು ಕಂಡ ಜೇಮ್ಸ್ ಕುಕ್, ಗುಡ್ಡದ ಮೇಲೆ ಏಳುತ್ತಿದ್ದ ಹೊಗೆ ನೋಡಿ ಈ ಹೆಸರಿಟ್ಟ. ಆ ಬೆಂಕಿ ಹಚ್ಚಿದವರು ಅಲ್ಲಿಯ ಮೂಲನಿವಾಸಿಗಳು. ಈ ನೆಲ ಇಂದಿಗೂ ಧಂಗಟ್ಟಿ ಜನರದ್ದೆಂದೇ ಗುರುತಾಗಿದೆ. 1891ರಿಂದ ಬೆಳಗುತ್ತಿರುವ ದೀಪಸ್ತಂಭ ಗುಡ್ಡದ ತುದಿಯಲ್ಲಿದೆ. ಅಲ್ಲಿ ನಿಂತು ನೋಡಿದರೆ ಸುಮಾರು 2 ಕಿಲೋಮೀಟರ್ ಆಚೆ, ನೀರಿನಿಂದ ಬೆನ್ನು ಎತ್ತಿದ ಒಂದು ಬೋಳುಬಂಡೆ ಕಾಣುತ್ತದೆ. ಹಕ್ಕಿಗಳ ಹಿಕ್ಕೆಯಿಂದ ಬೆಳ್ಳಗಾದ ತಲೆ, ಸುತ್ತ ನೊರೆ. ಹೊರಗಿನಿಂದ ನೋಡಿದವರು ಅದರತ್ತ ಎರಡನೆಯ ಸಲ ಕಣ್ಣು ಹಾಯಿಸುವುದೂ ಅನುಮಾನ.

ಆದರೆ ಅದರ ಹೊಟ್ಟೆ ಟೊಳ್ಳು. ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಗವಿ ಹಾಯ್ದುಹೋಗಿದೆ. ಒಂದು ಬಾಗಿಲು ಸುಮಾರು 24 ಮೀಟರ್ ಆಳದಲ್ಲಿ, ಇನ್ನೊಂದು 12 ಮೀಟರ್ ಆಸುಪಾಸಿನಲ್ಲಿ. ಸಾಮಾನ್ಯವಾಗಿ ಆಳದ ಬಾಗಿಲಿನಿಂದ ಹೊಕ್ಕು, ಚಿಮಣಿಯಂಥ ಕಿರಿದಾದ ಏರುದಾರಿಯಲ್ಲಿ ಮೇಲೇರಿ, ಮೇಲಿನ ಬಾಗಿಲಿನಿಂದ ಹೊರಬೀಳುತ್ತಾರೆ. ನಡುವೆ ಒಂದಷ್ಟು ದೂರ ಎರಡೂ ಕಡೆಯ ಬೆಳಕು ಕಾಣುವುದಿಲ್ಲ.

ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಕೊನೆಯ ಹಿಮಯುಗ ಉತ್ತುಂಗದಲ್ಲಿದ್ದಾಗ, ಸಮುದ್ರದ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಫಿಶ್ ರಾಕ್ ದ್ವೀಪವೇ ಅಲ್ಲ, ಬಯಲಿನ ನಡುವೆ ಎದ್ದ ಒಂದು ಗುಡ್ಡೆ. ಅದರ ಬುಡದವರೆಗೆ ನಡೆದೇ ಹೋಗಬಹುದಿತ್ತು. ಹಿಮ ಕರಗಿ ನೀರು ಏರಿದಂತೆ ಗುಡ್ಡೆ ಬಂಡೆಯಾಯಿತು, ಬಂಡೆಯ ಬಿರುಕು ಕಡಲಿನ ಮನೆಯಾಯಿತು.

ಬಿಸಿಲಿಲ್ಲದ ಕಡೆ ಇಷ್ಟು ಬಣ್ಣ ಹೇಗೆ?

ಗವಿ ಎಂದರೆ ನಮ್ಮ ಮನಸ್ಸಿಗೆ ಬರುವುದು ಬಾವಲಿ, ತೇವ, ಬರೀ ಕಲ್ಲು. ಸಮುದ್ರದ ಗವಿ ಹಾಗಲ್ಲ. ಒಳಗೆ ಟಾರ್ಚ್ ಬೀರಿದರೆ ಗೋಡೆ ಕಿತ್ತಳೆ, ಹಳದಿ, ನೇರಳೆ, ಕುಂಕುಮದ ಕೆಂಪು. ಕಲ್ಲು ಕಾಣಿಸುವ ಜಾಗವೇ ಕಡಿಮೆ. ಆ ಬಣ್ಣಗಳೆಲ್ಲ ಬದುಕಿರುವ ಪ್ರಾಣಿಗಳದ್ದು.

ಹೊರಗಿನ ಬಂಡೆಯ ಮೇಲೆ ಬಿಸಿಲು ಬೀಳುವುದರಿಂದ ಪಾಚಿಯೂ ಕಡಲಕಳೆಯೂ ದಟ್ಟವಾಗಿ ಬೆಳೆದು ಜಾಗವನ್ನೆಲ್ಲ ಆಕ್ರಮಿಸುತ್ತವೆ. ಗವಿಯಲ್ಲಿ ಬಿಸಿಲಿಲ್ಲ, ಹಾಗಾಗಿ ಪಾಚಿಯ ಪೈಪೋಟಿಯೂ ಇಲ್ಲ. ಖಾಲಿ ಬಿದ್ದ ಗೋಡೆಯನ್ನು ಸ್ಪಂಜುಗಳು, ಬಟ್ಟಲಿನಾಕಾರದ ಹವಳಗಳು, ಗರಿಯಂಥ ಹೈಡ್ರಾಯ್ಡ್‌ಗಳು ಹಿಡಿದುಕೊಳ್ಳುತ್ತವೆ. ಇವೆಲ್ಲ ಕುಳಿತಲ್ಲೇ ಉಣ್ಣುವ ಪ್ರಾಣಿಗಳು. ಹರಿದು ಬರುವ ನೀರನ್ನು ಸೋಸಿ, ಅದರಲ್ಲಿನ ಕಣಕಣವನ್ನೂ ಹೆಕ್ಕಿ ತಿನ್ನುತ್ತವೆ. ಗವಿಗೆ ಎರಡು ಬಾಗಿಲಿರುವುದು ಇವುಗಳ ಪುಣ್ಯ. ಪ್ರತಿ ಅಲೆಗೂ ನೀರು ಒಳಗೆ ನುಗ್ಗಿ ಹೊರಗೆ ಎಳೆದುಕೊಳ್ಳುತ್ತದೆ. ಮನೆಬಾಗಿಲಿಗೇ ಊಟ ಬರುತ್ತದೆ.

ಊಟ ಒಳಗೆ ತಂದು ಹಾಕುವವರು ಇನ್ನೊಬ್ಬರಿದ್ದಾರೆ. ಬಾಗಿಲಲ್ಲಿ ಪರದೆ ಕಟ್ಟಿದ್ದ ಆ ತಾಮ್ರವರ್ಣದ ಮೀನುಗಳಿಗೆ ಬುಲ್ಸ್‌ಐ ಎಂದು ಹೆಸರು. ಬೊಗಸೆಯಗಲದ ಮೈ, ಮೈಗೆ ಮೀರಿದ ದೊಡ್ಡ ಕಣ್ಣು. ಹಗಲೆಲ್ಲ ಗವಿಯಲ್ಲಿ ಗುಂಪುಗೂಡಿ ನಿದ್ದೆ ಹೊಡೆದಂತೆ ತೇಲುತ್ತವೆ, ರಾತ್ರಿಯಾದರೆ ಹೊರಗೆ ಮೇಯಲು ಹೋಗುತ್ತವೆ. ಬೆಳಗ್ಗೆ ಹಿಂದಿರುಗಿ ಬಂದು ಹಾಕುವ ಹಿಕ್ಕೆ ಗವಿಯ ಗೊಬ್ಬರ. ಹೊರಗಿನ ಕಡಲಿನ ಫಸಲನ್ನು ಕತ್ತಲೆಯೊಳಕ್ಕೆ ಹೊತ್ತು ತರುವ ಕೆಲಸ ದಿನವೂ ನಡೆಯುತ್ತದೆ. ನೆಲದ ಮೇಲಿನ ಗವಿಗಳಲ್ಲಿ ಬಾವಲಿ ಮಾಡುವುದೂ ಇದನ್ನೇ.

ಫಿಶ್ ರಾಕ್‌ನ ವೈಭವಕ್ಕೆ ಇನ್ನೊಂದು ಕಾರಣವಿದೆ. ಉತ್ತರದ ಹವಳದ ದಿಬ್ಬಗಳ ಕಡೆಯಿಂದ ಬೆಚ್ಚಗಿನ ನೀರು ಹೊತ್ತು ತರುವ ಪೂರ್ವ ಆಸ್ಟ್ರೇಲಿಯಾ ಪ್ರವಾಹ ಈ ಕರೆಯ ಗುಂಟ ದಕ್ಷಿಣಕ್ಕೆ ಹರಿಯುತ್ತದೆ. ‘ಫೈಂಡಿಂಗ್ ನೀಮೋ’ ಸಿನಿಮಾದಲ್ಲಿ ಆಮೆಗಳು ಸವಾರಿ ಮಾಡುವ ಹೆದ್ದಾರಿ ಇದೇ. ಇದರಿಂದ ಉಷ್ಣವಲಯದ ಮೀನು ಮತ್ತು ತಣ್ಣೀರಿನ ಮೀನು ಒಂದೇ ಬಂಡೆಯ ಮೇಲೆ ನೆರೆಹೊರೆಯಾಗಿವೆ. ಲಯನ್‌ಫಿಶ್ ರೆಕ್ಕೆ ಹರಡಿ ನಿಂತಲ್ಲೇ ಬಿರುಕಿನಲ್ಲಿ ಲಾಬ್‌ಸ್ಟರ್‌ಗಳ ಉದ್ದ ಮೀಸೆ ಅಲುಗುತ್ತಿರುತ್ತದೆ. ತೊರಕೆಗಳು ಮರಳಿನ ಮೇಲೆ ಹಾಸಿಕೊಂಡಿರುತ್ತವೆ. ಕಡಲಾಮೆಗಳು ಬಂಡೆಗೆ ಮೈ ಒರಗಿಸಿ ಮಲಗುತ್ತವೆ. ಆಳೆತ್ತರದ ಕಪ್ಪು ಕಾಡ್ ಮೀನುಗಳೂ ಇವೆ. ಹೆಣ್ಣಾಗಿ ಬಾಳು ತೊಡಗಿ, ದೊಡ್ಡದಾದ ಮೇಲೆ ಗಂಡಾಗುವ ಈ ಮೀನನ್ನು ಹಿಡಿಯುವುದು ನ್ಯೂ ಸೌತ್ ವೇಲ್ಸ್‌ನಲ್ಲಿ 1983ರಿಂದಲೇ ನಿಷಿದ್ಧ.

ಚಾಪೆಯಂತೆ ಬಿದ್ದ ಶಾರ್ಕ್

ಗವಿಯ ನೆಲ ನೋಡುವಾಗ ಟಾರ್ಚನ್ನು ನಿಧಾನ ಸರಿಸಬೇಕು. ಗುಂಡುಕಲ್ಲುಗಳ ನಡುವೆ ಹಳೆಯ ಕಂಬಳಿ ಬಿದ್ದಂತಿದೆ. ಕಂದು, ಬೂದು, ಹಳದಿ ಮಚ್ಚೆ. ಅಂಚಿಗೆಲ್ಲ ಜೂಲು. ಬೆಳಕು ಒಂದು ಗೇಣು ಮುಂದೆ ಸರಿದಾಗ ಆ ಜೂಲಿನ ಮೇಲೆ ಒಂದು ಕಿರಿದಾದ ಕಣ್ಣು ಕಾಣುತ್ತದೆ. ಆಮೇಲೆ ಬಾಯಿಯ ಗೆರೆ. ಆಮೇಲೆ ಪಕ್ಕದಲ್ಲೇ ಇನ್ನೊಂದು ಕಂಬಳಿ, ಅದರ ಮೇಲೊಂದು.

ಇದು ವಾಬಿಗಾಂಗ್ ಶಾರ್ಕ್. ಆಸ್ಟ್ರೇಲಿಯಾದ ಮೂಲನಿವಾಸಿಗಳ ಭಾಷೆಯೊಂದರಲ್ಲಿ ‘ಜೋಲುಗಡ್ಡ’ ಎಂಬ ಅರ್ಥ ಬರುವ ಮಾತಿನಿಂದ ಈ ಹೆಸರು ಬಂತೆಂದು ಹೇಳುತ್ತಾರೆ. ಬಾಯಿಯ ಸುತ್ತ ಇಳಿಬಿದ್ದ ಆ ಜೂಲೇ ಗಡ್ಡ. ಕಡಲಕಳೆಯೆಂದು ತಿಳಿದು ಮೀನು ಹತ್ತಿರ ಬಂದರೆ ಒಂದೇ ಗುಟುಕು. ಮನುಷ್ಯನ ಮೇಲೆ ಏರಿ ಬರುವ ಜಾತಿಯಲ್ಲ. ಆದರೆ ಮೇಲೆ ಕೈ ಊರಿದರೆ, ಕಾಲು ಇಟ್ಟರೆ ಕಚ್ಚುತ್ತದೆ, ಕಚ್ಚಿದ್ದನ್ನು ಬೇಗ ಬಿಡುವುದೂ ಇಲ್ಲ. ಗವಿಯಲ್ಲಿ ನೆಲ ಮುಟ್ಟಬಾರದು ಎಂದು ಕಲಿಸುವವರು ಸಾವಿರ ಸಲ ಹೇಳುವುದು ಸುಮ್ಮನಲ್ಲ.

ಉಸಿರಿನ ಲೆಕ್ಕ

ಇಷ್ಟೆಲ್ಲ ನೋಡುತ್ತಿರುವ ಡೈವರ್‌ನ ಎಡಗೈ ಬಳಿ ಒಂದು ಮೀಟರ್ ತೂಗುತ್ತಿರುತ್ತದೆ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಮುಳ್ಳು ಅದರಲ್ಲಿದೆ. ಗವಿಯೊಳಗೆ ಮೀನಿಗಿಂತ ಹೆಚ್ಚು ಸಲ ನೋಡಬೇಕಾದದ್ದು ಈ ಮುಳ್ಳನ್ನು.

ಸಿಲಿಂಡರಿನಲ್ಲಿ ಆಕ್ಸಿಜನ್ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸಾಮಾನ್ಯ ಸ್ಕೂಬಾ ಡೈವಿಂಗ್‌ನಲ್ಲಿ ಬಳಸುವುದು ನಾವು ಉಸಿರಾಡುವ ಇದೇ ಗಾಳಿ, ಒತ್ತಿ ತುಂಬಿದ್ದು ಅಷ್ಟೇ. 11 ಲೀಟರ್ ಹಿಡಿಯುವ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 2200 ಲೀಟರ್ ಗಾಳಿ ಸೇರುತ್ತದೆ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಸೇರಿ ಮಾಡಿದ ‘ಆಕ್ವಾಲಂಗ್’ ಈ ಗಾಳಿಯನ್ನು ಪಳಗಿಸಿತು. ಉಸಿರೆಳೆದಾಗ ಮಾತ್ರ, ಆ ಆಳಕ್ಕೆ ತಕ್ಕ ಒತ್ತಡದಲ್ಲಿ ಬಾಯಿಗೆ ಗಾಳಿ ಬಿಡುವ ಸಾಧನ ಅದು. ಇಂದಿನ ರೆಗ್ಯುಲೇಟರಿನ ಮೂಲ ತತ್ವವೂ ಅದೇ.

‘ಆಳಕ್ಕೆ ತಕ್ಕ ಒತ್ತಡ’ ಎಂಬಲ್ಲೇ ಎಲ್ಲ ಲೆಕ್ಕ ಅಡಗಿದೆ. ಪ್ರತಿ 10 ಮೀಟರ್ ಇಳಿದಂತೆ ನಮ್ಮ ಮೈಮೇಲೆ ಇನ್ನೊಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. 24 ಮೀಟರ್ ಆಳದಲ್ಲಿ ಅದು ದಡದ ಮೇಲಿನದಕ್ಕಿಂತ 3.4 ಪಟ್ಟು. ಅಲ್ಲಿ ಒಂದೊಂದು ಉಸಿರಿಗೂ 3.4 ಪಟ್ಟು ಗಾಳಿ ಖರ್ಚು. ದಡದ ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ಅಲ್ಲಿ 68 ಲೀಟರ್ ಬೇಕು. ಮೇಲೆ ಹೆಚ್ಚುಕಡಿಮೆ ಎರಡು ಗಂಟೆ ಬರುವ ಸಿಲಿಂಡರ್ ಅಲ್ಲಿ ಅರ್ಧ ಗಂಟೆಗೆ ಬರಿದು. ಹೆದರಿ ಏದುಸಿರು ಬಿಟ್ಟರೆ ಅದಕ್ಕೂ ಮೊದಲೇ.

ಮೇಲೆ ಬರುವಾಗ ಇನ್ನೊಂದು ಲೆಕ್ಕ. ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಮಾಂಸಖಂಡದಲ್ಲಿ ಕರಗಿ ಕುಳಿತಿರುತ್ತದೆ. ಗೋಲಿ ಸೋಡಾದ ಗೋಲಿ ಒಳಗೆ ತಳ್ಳಿದ ಕೂಡಲೇ ಬುಸ್ ಎಂದು ಗುಳ್ಳೆ ಏಳುತ್ತದಲ್ಲ, ಗಡಿಬಿಡಿಯಲ್ಲಿ ಮೇಲೆದ್ದರೆ ಮೈಯೊಳಗೂ ಹಾಗೆಯೇ ಗುಳ್ಳೆ ಕಟ್ಟುತ್ತದೆ. ಕೀಲುನೋವಿನಿಂದ ಹಿಡಿದು ಲಕ್ವದವರೆಗೆ ಏನೂ ಆಗಬಹುದು. ಅದಕ್ಕೇ ನಿಧಾನವಾಗಿ ಏರಬೇಕು, 5 ಮೀಟರ್ ಆಳದಲ್ಲಿ 3 ನಿಮಿಷ ತಡೆದು ಆಮೇಲೆ ಮೇಲೆ ಬರಬೇಕು. ಏರುವಾಗ ಉಸಿರು ಹಿಡಿಯಲೂ ಬಾರದು. ಶ್ವಾಸಕೋಶದಲ್ಲಿನ ಗಾಳಿ ಹಿಗ್ಗುತ್ತಾ ಹೋಗಿ ಅದನ್ನೇ ಹರಿಯುತ್ತದೆ.

ತೆರೆದ ಕಡಲಿನಲ್ಲಿ ಏನು ಕೆಟ್ಟರೂ ನಿಧಾನವಾಗಿ ಮೇಲೆ ಬರುವ ದಾರಿಯೊಂದಿದೆ. ಗವಿಯಲ್ಲಿ ಅದೊಂದು ದಾರಿಯೇ ಇಲ್ಲ. ಬಂದ ಬಾಗಿಲು ಅಥವಾ ಹೋಗುವ ಬಾಗಿಲು, ಎರಡೇ.

ಹದಿನೆಂಟು ದಿನ ಜಗತ್ತು ಕಾದದ್ದು

2018ರ ಜೂನ್–ಜುಲೈನಲ್ಲಿ ಥಾಯ್ಲೆಂಡ್‌ನ ಥಾಮ್ ಲುವಾಂಗ್ ಗವಿಯಲ್ಲಿ 12 ಹುಡುಗರೂ ಅವರ ಫುಟ್‌ಬಾಲ್ ಕೋಚ್ ಕೂಡ ಸಿಕ್ಕಿಹಾಕಿಕೊಂಡಾಗ ನಮ್ಮ ಮನೆಗಳಲ್ಲೂ ಟಿವಿ ಆರಿರಲಿಲ್ಲ. ಗವಿ ಡೈವಿಂಗ್ ಎಂಬ ಮಾತು ಕನ್ನಡ ಓದುಗರ ಕಿವಿಗೆ ಬಿದ್ದದ್ದು ಹೆಚ್ಚಾಗಿ ಆಗಲೇ. ಅಲ್ಲಿದ್ದದ್ದು ಮಳೆನೀರು ತುಂಬಿದ, ಕೈ ಚಾಚಿದರೆ ಬೆರಳು ಕಾಣದ, ಕೆಸರಿನ ಗವಿ. ಹುಡುಗರಿಗೆ ಮಂಪರು ಬರುವ ಔಷಧ ಕೊಟ್ಟು ಹೊರತರುವ ಕಠಿಣ ನಿರ್ಧಾರದಲ್ಲಿ ಭಾಗಿಯಾದ ವೈದ್ಯ ರಿಚರ್ಡ್ ಹ್ಯಾರಿಸ್, ಅವರ ಜೊತೆಗಾರ ಕ್ರೇಗ್ ಚಾಲೆನ್ ಇಬ್ಬರೂ ಆಸ್ಟ್ರೇಲಿಯಾದ ಗವಿ ಡೈವರ್‌ಗಳು.

ಆ ದೇಶದಲ್ಲಿ ಇಂಥ ನುರಿತವರು ಬೆಳೆದದ್ದು ಸಾವುಗಳ ನಡುವೆಯೇ. ದಕ್ಷಿಣ ಆಸ್ಟ್ರೇಲಿಯಾದ ಮೌಂಟ್ ಗ್ಯಾಂಬಿಯರ್ ಸುತ್ತಮುತ್ತ ಸುಣ್ಣಕಲ್ಲಿನ ನೆಲ ಕುಸಿದು ಆದ ಆಳವಾದ ನೀರುಗುಂಡಿಗಳಿವೆ, ಸ್ಫಟಿಕದಷ್ಟು ತಿಳಿಯಾದ ನೀರು. 1969ರಿಂದ 1974ರ ನಡುವೆ 11 ಡೈವರ್‌ಗಳು ಅಲ್ಲಿ ಪ್ರಾಣ ಬಿಟ್ಟರು. ನೀರು ತಿಳಿಯಾಗಿದ್ದದ್ದೇ ಮೋಸ. ತಳದ ಮಣ್ಣಿಗೆ ಕಾಲು ತಾಗಿ ಕದಡಿದರೆ ಟಾರ್ಚ್ ಇದ್ದೂ ಕುರುಡು. 1973ರಲ್ಲಿ ಡೈವರ್‌ಗಳೇ ಸೇರಿ ಕೇವ್ ಡೈವರ್ಸ್ ಅಸೋಸಿಯೇಷನ್ ಆಫ್ ಆಸ್ಟ್ರೇಲಿಯಾ ಕಟ್ಟಿ, ತರಬೇತಿ ಇಲ್ಲದವರು ಗುಂಡಿಗಿಳಿಯದ ಹಾಗೆ ಮಾಡಿದರು.

ಗವಿ ಡೈವಿಂಗ್‌ನ ನಿಯಮಗಳು ಕೇಳಲು ಸರಳ. ತರಬೇತಿಯಿಲ್ಲದೆ ಒಳಗೆ ಹೋಗಬೇಡ. ಹೊರಗಿನ ನೀರಿನವರೆಗೆ ಎಳೆದ ದಾರವನ್ನು ಕೈಬಿಡಬೇಡ. ಗಾಳಿಯ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಒಂದು ಪಾಲು ಆಪತ್ತಿಗೆ. ಕಲಿತದ್ದಕ್ಕಿಂತ ಆಳಕ್ಕೆ ಇಳಿಯಬೇಡ. ಒಬ್ಬೊಬ್ಬರ ಬಳಿ ಮೂರು ದೀಪವಿರಲಿ. ಸತ್ತವರ ಒಂದೊಂದು ಪ್ರಕರಣವನ್ನೂ ಬಿಡಿಸಿ ನೋಡಿ, ಯಾವುದು ತಪ್ಪಿದ್ದರಿಂದ ಜೀವ ಹೋಯಿತು ಎಂದು ಕಂಡುಕೊಂಡ ಸಾಲುಗಳು ಇವು. ಅಮೆರಿಕದ ಶೆಕ್ ಎಕ್ಸ್‌ಲಿ 1979ರಲ್ಲಿ ಪ್ರಕಟಿಸಿದ ಪುಟ್ಟ ಕೈಪಿಡಿ ಈ ಬಗೆಯ ಪಾಠಕ್ಕೆ ಬುನಾದಿ ಹಾಕಿತು.

ಫಿಶ್ ರಾಕ್ ಈ ಗವಿಗಳಿಗಿಂತ ಸೌಮ್ಯ. ಚಿಕ್ಕದು, ಎರಡು ಬಾಗಿಲು, ದಾರಿ ಬಲ್ಲ ಮುಂದಾಳುಗಳು. ಅನುಭವವಿರುವ ಪ್ರವಾಸಿಗರನ್ನೂ ಕರೆದೊಯ್ಯುತ್ತಾರೆ. ಆದರೂ ಅಲೆಯ ಸೆಳೆತ ಜೋರಿದ್ದ ದಿನ ಚಿಮಣಿಯಲ್ಲಿ ನೀರು ಹಿಂದೆಮುಂದೆ ಎಳೆದಾಡುತ್ತದೆ. ನೀರಲ್ಲಿ ಮೇಲೂ ಹೋಗದೆ ಕೆಳಗೂ ಬೀಳದೆ ತೂಗಿ ನಿಲ್ಲುವ ವಿದ್ಯೆ ಕೈವಶವಾಗದವರು ಅಲ್ಲಿಗೆ ಹೋಗಬಾರದು ಎಂದೇ ನಾನು ಹೇಳುತ್ತೇನೆ. ಇದು ಅವರೊಬ್ಬರ ಜೀವದ ಮಾತಲ್ಲ. ತೂಗಲು ಬಾರದವನು ಗೋಡೆ ಹಿಡಿಯುತ್ತಾನೆ. ಹಿಡಿದ ಕಡೆ ಹತ್ತಾರು ವರ್ಷ ಬೆಳೆದ ಸ್ಪಂಜು ಕಿತ್ತು ಬರುತ್ತದೆ. ಅವನ ಕಾಲಿನ ಈಜುರೆಕ್ಕೆ ವಾಬಿಗಾಂಗ್ ತಲೆಗೆ ಬಡಿಯುತ್ತದೆ. ನಿಧಾನವಾಗಿ ಉಸಿರಾಡು, ಕೈ ಮಡಚಿಕೊ, ಹಿಂದೆ ಬರುವವನನ್ನು ನೋಡಿಕೊ. ಗವಿಯಲ್ಲಿ ಮನುಷ್ಯನನ್ನು ಉಳಿಸುವ ಶಿಸ್ತೇ ಗವಿಯ ಜೀವಿಗಳನ್ನೂ ಉಳಿಸುತ್ತದೆ. ಎರಡು ಬೇರೆ ಬೇರೆ ನಿಯಮಪಟ್ಟಿ ಬೇಕೇ ಇಲ್ಲ.

ನಮ್ಮ ಉಸಿರು ಕೂಡ ಅಲ್ಲಿ ಗುರುತು ಬಿಡುತ್ತದೆ. ಬಿಟ್ಟ ಗುಳ್ಳೆಗಳು ಮೇಲೇರಿ ಚಾವಣಿಯ ತಗ್ಗಿನಲ್ಲಿ ಪಾದರಸ ಚೆಲ್ಲಿದಂತೆ ಮಿನುಗುತ್ತಾ ನಿಲ್ಲುತ್ತವೆ. ನೋಡಲು ಚೆಂದ. ಆದರೆ ಅಲ್ಲಿಗೇ ಅಂಟಿಕೊಂಡು ಬದುಕುವ ಪ್ರಾಣಿಗಳಿಗೆ ನೀರು ತಪ್ಪುತ್ತದೆ. ಸುಮ್ಮನೆ ಗವಿಯಲ್ಲಿ ಹೊತ್ತು ಕಳೆಯಬಾರದು ಎಂದು ಹೇಳುವುದಕ್ಕೆ ಇದೂ ಕಾರಣ.

ಹಲ್ಲು ಕಂಡು ಹೆದರಿದ್ದರ ಬೆಲೆ

ಮೇಲಿನ ಬಾಗಿಲ ಹೊರಗೆ ಬಂಡೆಗಳ ನಡುವೆ ಕಾಲುವೆಯಂಥ ಓಣಿಗಳಿವೆ. ಫಿಶ್ ರಾಕ್‌ಗೆ ಜಗತ್ತಿನ ಮೂಲೆಮೂಲೆಯಿಂದ ಜನ ಬರುವುದು ಈ ಓಣಿಗಳ ನಿವಾಸಿಗಾಗಿ: ಗ್ರೇ ನರ್ಸ್ ಶಾರ್ಕ್.

ಮೂರು ಮೀಟರ್ ದಾಟುವ ಮೈ, ಗೂನುಬೆನ್ನು, ಮುಚ್ಚಿದ ಬಾಯಿಂದಲೂ ಹೊರಗೆ ಚಾಚಿದ ಮೊಳೆಯಂಥ ಹಲ್ಲುಗಳ ಸಾಲು. ಸಿನಿಮಾದಲ್ಲಿ ಖಳನಾಯಕ ಹೇಗಿರಬೇಕೋ ಹಾಗೇ ಇದೆ. ಸ್ವಭಾವ ಮಾತ್ರ ತದ್ವಿರುದ್ಧ. ಮೀನು, ಸಣ್ಣ ಶಾರ್ಕ್, ತೊರಕೆ ತಿಂದು ಬದುಕುವ ಸಾಧು ಪ್ರಾಣಿ. ಹಲ್ಲು ತೆಳುವಾಗಿ ಚೂಪಾಗಿರುವುದು ಜಾರುವ ಮೀನನ್ನು ಚುಚ್ಚಿ ಹಿಡಿಯಲೆಂದು, ದೊಡ್ಡ ಪ್ರಾಣಿಯನ್ನು ಕತ್ತರಿಸಲೆಂದಲ್ಲ. ಶಾರ್ಕ್‌ಗಳಿಗೆ ಬೇರೆ ಮೀನುಗಳಂತೆ ಗಾಳಿಚೀಲ ಇಲ್ಲ. ಗ್ರೇ ನರ್ಸ್ ಅದಕ್ಕೊಂದು ಉಪಾಯ ಕಂಡುಕೊಂಡಿದೆ. ನೀರಿನ ಮೇಲೆ ಬಂದು ಗಾಳಿ ಗುಟುಕರಿಸಿ ಹೊಟ್ಟೆಯಲ್ಲಿಟ್ಟುಕೊಂಡು, ಓಣಿಯ ನಡುನೀರಿನಲ್ಲಿ ಬಾಲವನ್ನೂ ಬಹಳ ಆಡಿಸದೆ ತೇಲುತ್ತದೆ. ಡೈವರ್‌ಗಳು ಜಾಕೆಟ್ಟಿಗೆ ಗಾಳಿ ತುಂಬಿ ಮಾಡುವುದು ಇದನ್ನೇ.

1950 ಮತ್ತು 60ರ ದಶಕದಲ್ಲಿ ಈಟಿ ಹಿಡಿದು ಮುಳುಗುವ ಆಟಗಾರರು ಇವನ್ನು ಸಿಕ್ಕಸಿಕ್ಕಲ್ಲಿ ಕೊಂದರು. ಈಟಿಯ ತುದಿಯಲ್ಲಿ ತಾಗಿದ ಕೂಡಲೇ ಸಿಡಿಯುವ ಕಾಡತೂಸು ಬೇರೆ ಕಟ್ಟುತ್ತಿದ್ದರು. ನರಭಕ್ಷಕನನ್ನು ಕೊಂದ ಶೂರ ಎಂದು ದಡದಲ್ಲಿ ಫೋಟೊ. ಓಡಿಹೋಗದ, ತಿರುಗಿ ಬೀಳದ, ನಿಂತಲ್ಲೇ ತೇಲುವ ಪ್ರಾಣಿಯನ್ನು ಕೊಲ್ಲುವುದರಲ್ಲಿ ಎಂಥ ಶೌರ್ಯವಿತ್ತೋ. ಇದನ್ನು ಓದುವಾಗಲೆಲ್ಲ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಕೊಲ್ಲುವುದು ಸುಲಭ, ಮತ್ತೆ ತುಂಬಿಕೊಳ್ಳುವುದು ಬಹಳ ಕಷ್ಟ. ಹೆಣ್ಣು ಪ್ರಾಯಕ್ಕೆ ಬರಲು ಸುಮಾರು 10 ವರ್ಷ. ಅದಕ್ಕೆ ಎರಡು ಗರ್ಭಕೋಶ. ಒಂದೊಂದರಲ್ಲೂ ಹಲವು ಭ್ರೂಣ ಮೊಳೆಯುತ್ತವೆ. ಮೊದಲು ಹಲ್ಲು ಬಂದ ಮರಿ ತಾಯಿಯ ಹೊಟ್ಟೆಯಲ್ಲೇ ಒಡಹುಟ್ಟುಗಳನ್ನು ತಿಂದುಬಿಡುತ್ತದೆ, ಆಮೇಲೆ ತಾಯಿ ಬಿಡುತ್ತಲೇ ಇರುವ ಬಂಜೆ ಮೊಟ್ಟೆಗಳನ್ನು ತಿಂದು ಬೆಳೆಯುತ್ತದೆ. ಕೊನೆಗೆ ಉಳಿಯುವುದು ಕೋಶಕ್ಕೊಂದರಂತೆ ಎರಡೇ ಮರಿ, ಒಂದೊಂದೂ ಮೀಟರಿನಷ್ಟು ಉದ್ದ. ಅದೂ ಎರಡು ವರ್ಷಕ್ಕೊಮ್ಮೆ. ನೂರು ಶಾರ್ಕ್ ಕೊಂದ ಕಡೆ ಅಷ್ಟನ್ನೇ ಮರಳಿ ತುಂಬಲು ಒಂದು ತಲೆಮಾರು ಸಾಲದು.

ಕೊಲ್ಲುವವರ ಗುಂಪಿನಿಂದಲೇ ಕಾಯುವವರು ಹುಟ್ಟಿದರು. ರಾನ್ ಮತ್ತು ವ್ಯಾಲರಿ ಟೇಲರ್ ದಂಪತಿ ಈಟಿ ಬೇಟೆಯಲ್ಲಿ ಚಾಂಪಿಯನ್ನರಾಗಿದ್ದವರು. ಈಟಿ ಕೆಳಗಿಟ್ಟು ಕ್ಯಾಮೆರಾ ಎತ್ತಿಕೊಂಡರು. 1975ರ ‘ಜಾಸ್’ ಚಿತ್ರದಲ್ಲಿ ಬರುವ ನಿಜವಾದ ಶಾರ್ಕ್ ದೃಶ್ಯಗಳು ಇವರು ಚಿತ್ರೀಕರಿಸಿದವು. ಆ ಸಿನಿಮಾ ಜಗತ್ತಿನ ತುಂಬ ಬಿತ್ತಿದ ಭಯವನ್ನು ಕಂಡು ನೊಂದು, ಶಾರ್ಕ್ ಪರವಾಗಿ ಊರೂರಲ್ಲಿ ಮಾತಾಡಿದರು. 1984ರಲ್ಲಿ ನ್ಯೂ ಸೌತ್ ವೇಲ್ಸ್ ಗ್ರೇ ನರ್ಸ್ ಅನ್ನು ಹಿಡಿಯುವುದನ್ನು ನಿಷೇಧಿಸಿತು. ಕಾನೂನಿನ ರಕ್ಷಣೆ ಪಡೆದ ಜಗತ್ತಿನ ಮೊದಲ ಶಾರ್ಕ್ ಅದು. ಇಷ್ಟಾದರೂ ಪೂರ್ವ ಕರಾವಳಿಯಲ್ಲಿ ಈಗ ಇರುವ ಬಲಿತ ಶಾರ್ಕ್‌ಗಳು ಎರಡು ಸಾವಿರದ ಆಸುಪಾಸು ಎಂದು ವಿಜ್ಞಾನಿಗಳ ಅಂದಾಜು. ಬೇರೆ ಮೀನಿಗೆಂದು ಹಾಕಿದ ಗಾಳ ನುಂಗಿ, ದವಡೆಯಲ್ಲಿ ಕೊಕ್ಕೆ ಹೊತ್ತು ತಿರುಗುವ ಶಾರ್ಕ್‌ಗಳನ್ನು ಡೈವರ್‌ಗಳು ಇಂದಿಗೂ ಕಾಣುತ್ತಾರೆ.

ಡೈವರ್‌ಗಳು ತೆಗೆದ ಫೋಟೊಗಳೇ ಈಗ ಗಣತಿಯ ದಾಖಲೆ. ಒಂದೊಂದು ಶಾರ್ಕ್‌ನ ಪಕ್ಕೆಯ ಮೇಲಿನ ಚುಕ್ಕೆಗಳೂ ಹೆಬ್ಬೆಟ್ಟಿನ ಗುರುತಿನಂತೆ ಬೇರೆ ಬೇರೆ. ‘ಸ್ಪಾಟ್ ಎ ಶಾರ್ಕ್’ ಎಂಬ ಯೋಜನೆಯವರು ಜನರು ಕಳುಹಿಸಿದ ಚಿತ್ರಗಳ ಚುಕ್ಕೆ ಹೊಂದಿಸಿ, ಯಾವ ಶಾರ್ಕ್ ಯಾವ ಬಂಡೆಯಿಂದ ಯಾವ ಬಂಡೆಗೆ ಹೋಯಿತೆಂದು ಗುರುತು ಹಿಡಿಯುತ್ತಾರೆ. ಬಸುರಿ ಹೆಣ್ಣುಗಳು ಉತ್ತರದ ಬೆಚ್ಚಗಿನ ನೀರಿಗೆ, ಕ್ವೀನ್ಸ್‌ಲೆಂಡ್‌ನ ವುಲ್ಫ್ ರಾಕ್ ಕಡೆಗೆ ಹೋಗಿ ತಂಗುತ್ತವೆ, ಹೆರಲು ದಕ್ಷಿಣಕ್ಕೆ ಮರಳುತ್ತವೆ. ನಮ್ಮಲ್ಲಿ ತವರಿಗೆ ಬಾಣಂತನಕ್ಕೆ ಹೋಗುವ ಹಾಗೆ ಎನ್ನೋಣವೆಂದರೆ, ಇಲ್ಲಿ ಹೆರಿಗೆಗೆ ಮೊದಲೇ ತವರು ಬಿಟ್ಟು ಬರುತ್ತವೆ.

ನೇತ್ರಾಣಿಗೆ ಹೊರಟವರಿಗೆ

ನಮ್ಮಲ್ಲಿ ಸ್ಕೂಬಾ ಎಂದರೆ ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಈ ದ್ವೀಪದ ಸುತ್ತ ಹವಳ, ಬಣ್ಣದ ಮೀನು, ಆಮೆ ಇವೆ. ಪುನೀತ್ ರಾಜ್‌ಕುಮಾರ್ ‘ಗಂಧದ ಗುಡಿ’ ಚಿತ್ರದಲ್ಲಿ ಕಡಲಿಗಿಳಿದದ್ದನ್ನು 2022ರಲ್ಲಿ ತೆರೆಯ ಮೇಲೆ ನೋಡಿದ ಎಷ್ಟೋ ಮಂದಿಗೆ ತಾವೂ ಒಮ್ಮೆ ಮುಳುಗಬೇಕೆಂಬ ಆಸೆ ಹುಟ್ಟಿತು. ಈಜು ಬಾರದವರನ್ನೂ ಅಲ್ಲಿ ತರಬೇತುದಾರರು ಕೈಹಿಡಿದು ಇಳಿಸುತ್ತಾರೆ. ಮಳೆಗಾಲ ಕಳೆದು ಕಡಲು ತಿಳಿಯಾದ ತಿಂಗಳುಗಳಲ್ಲಿ ಹೋಗಿಬನ್ನಿ, ಖಂಡಿತ ಹೋಗಿ. ಆದರೆ ಕೈಹಿಡಿದು ಇಳಿಸಿದ ಆ ಅರ್ಧ ಗಂಟೆ ಗವಿಗೆ ರಹದಾರಿಯಲ್ಲ. ಗವಿಯ ಬಾಗಿಲಿಗೆ ಹೋಗುವ ಮೊದಲು ತೆರೆದ ನೀರಿನ ಕೋರ್ಸ್, ಅದರ ಮೇಲಿನ ಕೋರ್ಸ್, ಹತ್ತಾರು ಡೈವ್‌ಗಳ ಅಭ್ಯಾಸ ಬೇಕು.

ನಾನು ಶಾರ್ಕನ್ನು ಮೊದಲು ಕಂಡದ್ದು ಮಲ್ಪೆ ಬಂದರಿನ ಸಿಮೆಂಟು ನೆಲದ ಮೇಲೆ. ನಸುಕಿನ ಹರಾಜಿನ ಗದ್ದಲದಲ್ಲಿ, ಬಂಗುಡೆಯ ಬುಟ್ಟಿಗಳ ಪಕ್ಕ, ತಾಟೆ ಎನ್ನುವ ತೋಳುದ್ದದ ಶಾರ್ಕ್‌ಗಳನ್ನು ಸಾಲಾಗಿ ಜೋಡಿಸಿದ್ದರು. ಬಾಣಂತಿಗೆ ಒಳ್ಳೆಯದೆಂದು ಕೊಳ್ಳುವವರಿದ್ದರು. ಒಂದರ ಕಣ್ಣು ಇನ್ನೂ ಹಸಿಯಾಗಿತ್ತು, ಬೆಕ್ಕಿನ ಕಣ್ಣಿನ ಹಾಗೆ ಸೀಳುಪಾಪೆ. ನೀರೊಳಗೆ ಅದು ಹೇಗೆ ತಿರುಗುತ್ತದೆ, ಎಲ್ಲಿ ಮಲಗುತ್ತದೆ, ಎಷ್ಟು ವರ್ಷಕ್ಕೆ ಮರಿ ಹಾಕುತ್ತದೆ ಎಂದು ಕೇಳಬೇಕೆಂದು ಅಂದು ನನಗೂ ಹೊಳೆಯಲಿಲ್ಲ, ಅಲ್ಲಿ ಯಾರೂ ಅದರ ಮಾತೆತ್ತಲೂ ಇಲ್ಲ. ನಮ್ಮ ಕಾನೂನೂ ತಡವಾಗಿಯೇ ಕಣ್ಣು ತೆರೆಯಿತು. ಭಾರತದಲ್ಲಿ ತಿಮಿಂಗಿಲ ಶಾರ್ಕ್‌ಗೆ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಸಿಕ್ಕಿತು. ಅದಕ್ಕೂ ಮೊದಲು ನಮ್ಮ ಕಾನೂನಿಗೆ ಕಡಲ ಮೀನು ವನ್ಯಜೀವಿಯೇ ಆಗಿರಲಿಲ್ಲ.

ಹೊರಬಾಗಿಲು

ಚಿಮಣಿ ಏರಿ ಮುಗಿದ ಮೇಲೆ ದೂರದಲ್ಲಿ ನೀಲಿಯ ಒಂದು ಚೂರು ಕಾಣುತ್ತದೆ. ಹತ್ತಿರವಾದಂತೆ ಅದು ಅಗಲವಾಗಿ ಬಾಗಿಲಾಗುತ್ತದೆ. ಮುಂದಾಳು ಇದ್ದಕ್ಕಿದ್ದಂತೆ ಅಂಗೈ ಎತ್ತಿ ತಡೆಯುತ್ತಾನೆ. ಎಲ್ಲರೂ ಟಾರ್ಚ್ ಕೆಳಕ್ಕೆ ಮಾಡಿ ಗೋಡೆಯ ಪಕ್ಕಕ್ಕೆ, ಗೋಡೆ ಮುಟ್ಟದ ಹಾಗೆ, ಸರಿದು ನಿಲ್ಲುತ್ತಾರೆ.

ಬಾಗಿಲಿಗೆ ಅಡ್ಡವಾಗಿ ಒಂದು ಗ್ರೇ ನರ್ಸ್ ಬಂದಿದೆ. ಅಲ್ಲಿಯ ನಿಯಮವೂ ಅದೇ: ಶಾರ್ಕ್‌ನ ದಾರಿಗೆ ಅಡ್ಡ ನಿಲ್ಲುವಂತಿಲ್ಲ, ಬೆನ್ನಟ್ಟುವಂತಿಲ್ಲ, ಮುಟ್ಟುವಂತಿಲ್ಲ, ರಾತ್ರಿ ಹೊತ್ತು ಅದರ ಓಣಿಗೆ ಇಳಿಯುವಂತಿಲ್ಲ. ಅದಕ್ಕೇನೂ ಅವಸರವಿಲ್ಲ. ಪಕ್ಕೆಯ ಕಂದು ಚುಕ್ಕೆಗಳನ್ನು ಒಂದೊಂದಾಗಿ ಎಣಿಸುವಷ್ಟು ಹತ್ತಿರದಲ್ಲಿ ಸಾಗುತ್ತದೆ. ದವಡೆಯ ಮೂಲೆಯಲ್ಲಿ ತುಕ್ಕು ಹಿಡಿದ ಒಂದು ಕೊಕ್ಕೆ, ಅದರಿಂದ ಇಳಿಬಿದ್ದ ಗೇಣುದ್ದದ ನೈಲಾನ್ ದಾರ. ಅದು ದಾಟಿ ಹೋಗುವವರೆಗೂ ಯಾರೂ ಅಲುಗುವುದಿಲ್ಲ. ಮೀಟರಿನ ಮುಳ್ಳು 80 ಬಾರ್‌ನಲ್ಲಿದೆ. ಹೊರಗೆ ಹೋಗಿ, 5 ಮೀಟರಿಗೆ ಏರಿ, ಮೂರು ನಿಮಿಷ ತಡೆಯಲು ಅಷ್ಟು ಸಾಕು.